ಎಳ್ಳ ಅಮಾವಾಸ್ಯೆಗೆ ಎಲ್ಲರೂ ಮನೆಗೆ ಬರ್ತಿದ್ದಾರೆ, ಬೀದರ್ ಕಡೆ ಎರಡು ದಿನ ಹೇಗೆ ಕಳೆಯೋದು?

ಕಲಬುರಗಿ ಕಥೆಗಾರ್ತಿ:
ಎಲ್ಲರಿಗೂ ನಮಸ್ಕಾರ. ನಾನು ಕಥೆ ಬರೀತೀನಿ. ಬೆಳಿಗ್ಗೆ ಟೆರೇಸ್ ಗಿಡಗಳಿಗೆ ನೀರು ಹಾಕಿ, ಅವ್ವನ ಜೊತೆ ಚಹಾ ಕುಡಿದ ಮೇಲೇನೇ ನನ್ನ ಬರವಣಿಗೆ ಶುರು. ಈ ಸಲ ಎಳ್ಳ ಅಮಾವಾಸ್ಯೆಗೆ ಅಕ್ಕ, ಭಾವ, ಮಕ್ಕಳು ಎಲ್ಲಾ ಪುಣೆಯಿಂದ ಬರ್ತಿದ್ದಾರೆ. ಬೀದರ್ ತೋರಿಸಬೇಕು ಅಂತ ಆಸೆ. ಅವ್ವನಿಗೆ ಮೊಣಕಾಲು ನೋವು, ಮೆಟ್ಟಿಲು ಜಾಸ್ತಿ ಹತ್ತೋಕಾಗಲ್ಲ. ಮಕ್ಕಳಿಗೆ ಬೋರ್ ಆಗಬಾರದು. ನನಗೂ ಒಂದೆರಡು ಕಡೆ ಸುಮ್ನೆ ಕೂತು ನೋಡೋಕೆ ಹೊತ್ತು ಬೇಕು, ಓಡೋಡಿ ಫೋಟೋ ತೆಗೆದು ಬರೋದು ನನಗೆ ಒಗ್ಗಲ್ಲ. ಹೇಗೆ ಪ್ಲಾನ್ ಮಾಡಲಿ?

ಇನ್ನೊಂದು. ಕುಂಡದಲ್ಲಿರೋ ದುಂಡು ಮಲ್ಲಿಗೆ ಪ್ರತಿ ಬೇಸಿಗೆ ಒಣಗಿ ಕಡ್ಡಿಯಾಗ್ತಿದೆ. ಹಾಕಿರೋದು ನಮ್ಮ ಹೊಲದ್ದೇ ಕರಿ ಮಣ್ಣು. ಗೊತ್ತಿದ್ದವರು ಹೇಳಿ.

ಹುಮನಾಬಾದ್ ಹುಡುಗ:
ಅಕ್ಕಾ, ಮೊದಲು ಒಂದು ಮಾತು. ಅಮಾವಾಸ್ಯೆ ದಿನ ಬೀದರ್‌ಗೆ ಹೋಗಬೇಡಿ. ಅವತ್ತು ನಮ್ಮ ಬೀದರ್, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆಯ ಜನ ಹೊಲದಲ್ಲಿರ್ತಾರೆ, ಊರು ಖಾಲಿ. ನೀವೂ ಹೊಲಕ್ಕೇ ಹೋಗಿ. ಪುಣೆಯಲ್ಲಿ ಬೆಳೆದ ಮಕ್ಕಳು ಚರಗ ಚೆಲ್ಲೋದು (ಭೂಮಿತಾಯಿಗೆ ಎಡೆಯಾಗಿ ಅಡುಗೆಯನ್ನ ಹೊಲದ ತುಂಬ ಚೆಲ್ಲೋದು) ನೋಡಲಿ, ತಾವೂ ಒಂದು ಹಿಡಿ ಚೆಲ್ಲಲಿ. ಆಮೇಲೆ ಅಲ್ಲೇ ಹಾಸಿಕೊಂಡು ಕೂತು ಸಜ್ಜೆ ರೊಟ್ಟಿ, ಭಜ್ಜಿ (ಕರಿದ ಬಜ್ಜಿಯಲ್ಲ, ಕಾಳು ತರಕಾರಿಯ ಪಲ್ಯ), ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಅಂಬಲಿ. ಭಜ್ಜಿಗೆ ಹಸಿ ತೊಗರಿ ಕಾಳು, ಹಸಿ ಕಡಲೆ, ಬದನೆಕಾಯಿ, ಗಜ್ಜರಿ, ಮೆಂತ್ಯ ಸೊಪ್ಪು, ಆ ಕಾಲಕ್ಕೆ ಸಿಗೋದೆಲ್ಲ ಬೀಳಬೇಕು. ಕಾಳು ಸುಲಿಯೋ ಕೆಲಸ ಹಿಂದಿನ ರಾತ್ರಿ ಮಕ್ಕಳಿಗೇ ಕೊಡಿ, ಅವ್ವ ಪಕ್ಕದಲ್ಲಿ ಕೂತು ಮಾತಾಡ್ತಾ ಇರಲಿ. ನಿಮಗೆ ಒಂದು ಕಥೆ ಅಲ್ಲೇ ಸಿಗುತ್ತೆ ನೋಡಿ.

ಮರುದಿನ ಬೀದರ್. ದಾರಿಯಲ್ಲಿ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತಗೊಳ್ಳಿ, ಅವ್ವನಿಗೆ ಇಷ್ಟವಾಗುತ್ತೆ. ಆಮೇಲೆ ನಮ್ಮ ತಾಲೂಕಿನ ಜಲಸಂಗಿ ಬಿಡಲೇಬೇಡಿ. ಹುಮನಾಬಾದಿನಿಂದ ಸ್ವಲ್ಪ ಒಳಗೆ, ಕಲ್ಮೇಶ್ವರ ಗುಡಿ. ಹೊರಗೋಡೆ ತುಂಬ ಮದನಿಕೆಯರು, ಅದರಲ್ಲಿ ಒಬ್ಬಳು ಅಕ್ಷರ ಬರೀತಾ ನಿಂತಿದ್ದಾಳೆ. ಅವಳು ಬರೆದ ಸಾಲುಗಳು ಕಲ್ಲಲ್ಲಿ ನಿಜವಾಗಿಯೂ ಇವೆ, ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನನ್ನು (ಆಳಿದ್ದು 1076ರಿಂದ 1126) ಹೊಗಳಿದ್ದು. ಬರೆಯೋ ಹೆಣ್ಣುಮಗಳು ನೀವು, ಆ ಗೋಡೆ ಮುಂದೆ ಬೇಕಾದಷ್ಟು ಹೊತ್ತು ನಿಲ್ಲಿ. ಹೊರಗೋಡೆಯಲ್ಲೇ ಇರೋದರಿಂದ ಅವ್ವನಿಗೂ ಕಷ್ಟವಿಲ್ಲ.

ಬೀದರ್ ಓಣಿ:
ಮೇಲಿನ ತಮ್ಮ ಹೇಳಿದ್ದು ಸರಿ. ಬೀದರ್‌ನಲ್ಲಿ ಎಲ್ಲಾ ನೋಡ್ತೀನಿ ಅನ್ನಬೇಡಿ. ಕೋಟೆ, ಗವಾನ್ ಮದರಸಾ, ಲೋಹದ ಮೇಲೆ ಬೆಳ್ಳಿ ಕೂರಿಸೋ ಬಿದ್ರಿ ಕೆಲಸ, ಮೂರು ಸಾಕು.

ಮದರಸಾ ಕಟ್ಟಿದ್ದು 1472ರಲ್ಲಿ, ಬಹಮನಿಗಳ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ್ದು. ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಅರ್ಧ ಕಟ್ಟಡ ಹೋಯಿತು. ಉಳಿದ ಮಿನಾರಿನ ಮೇಲೆ ನೀಲಿ ಹೆಂಚಿನ ತುಣುಕುಗಳು ಇನ್ನೂ ಇವೆ, ಬಿಸಿಲು ಓರೆಯಾಗಿ ಬೀಳೋ ಹೊತ್ತಿಗೆ ಹೋಗಿ. ಕೋಟೆಯಲ್ಲಿ ರಂಗೀನ್ ಮಹಲ್ ತೆರೆದಿದ್ದರೆ ಖಂಡಿತ ನೋಡಿ, ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ. ನರಸಿಂಹ ಝರಣಿ ಗುಹೆ ಗುಡಿ ಅವ್ವನಿಗೆ ಬೇಡ, ಒಳಗೆ ಎದೆಮಟ್ಟ ನೀರಲ್ಲಿ ನಡೀಬೇಕು.

ಮಕ್ಕಳಿಗೆ ಖುಷಿ ಆಗೋದು ಬಿದ್ರಿ. ಹಳೇ ಊರಿನ ನಡುವಿರೋ ಚೌಬಾರಾ ಗೋಪುರದ ಸುತ್ತಿನ ಓಣಿಗಳಲ್ಲಿ ಕೆಲಸಗಾರರು ಕೂತಿರ್ತಾರೆ, ಕೇಳಿದರೆ ತೋರಿಸ್ತಾರೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಉಳಿಯಿಂದ ಚಿತ್ರ ಕೊರೆದು, ಆ ಗೀರಿನೊಳಗೆ ಬೆಳ್ಳಿ ತಂತಿ ಬಡಿದು ಕೂರಿಸ್ತಾರೆ. ಅಲ್ಲಿಯವರೆಗೂ ಅಂಥಾ ಚಂದ ಏನೂ ಕಾಣಲ್ಲ. ಕೊನೆಗೆ ಕೋಟೆಯ ಹಳೇ ಮಣ್ಣಿಗೆ ನವಸಾಗರ ಅನ್ನೋ ಲವಣ ಬೆರೆಸಿ ತಿಕ್ಕಿದಾಗ ಪಾತ್ರೆ ಕಪ್ಪಾಗುತ್ತೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತೆ. ಆ ಗಳಿಗೆ ನೋಡೋಕೆ ಕಾಯಬೇಕು, ಕಾಯಿರಿ. ಚೌಕಾಸಿ ಮಾತ್ರ ದಯವಿಟ್ಟು ಮಾಡಬೇಡಿ, ಅವರ ಕಣ್ಣು, ಬೆನ್ನು ಎರಡೂ ಸವೆಯೋ ಕೆಲಸ ಅದು.

ಭೀಮಾ ದಂಡೆ:
ಮಲ್ಲಿಗೆ ಬಗ್ಗೆ ಯಾರೂ ಹೇಳಲಿಲ್ಲ ಅಂತ ನಾನು ಬರೀತಿದ್ದೀನಿ. ನಾನು ಯಾದಗಿರಿ ಕಡೆಯವ, ನಮ್ಮದೂ ಅದೇ ಬಿಸಿಲು. ತಾಯೀ, ಬರೀ ಕರಿ ಮಣ್ಣು ಕುಂಡಕ್ಕೆ ಆಗಲ್ಲ. ಹೊಲದಲ್ಲಿ ಅದು ಬಂಗಾರ, ಜೋಳ ತೊಗರಿ ಎರಡಕ್ಕೂ. ಕುಂಡದಲ್ಲಿ ಒಣಗಿದರೆ ಬಿರುಕು ಬಿಟ್ಟು ಅಂಚಿನಿಂದ ದೂರ ಸರಿಯುತ್ತೆ. ನೀವು ಹಾಕಿದ ನೀರು ಆ ಸಂದಿಯಿಂದ ಸೀದಾ ಕೆಳಗೆ ಹೋಗುತ್ತೆ, ಬೇರಿಗೆ ತಾಗೋದೇ ಇಲ್ಲ. ಹಸಿ ಇದ್ದಾಗ ಉಲ್ಟಾ, ಬೇರು ಉಸಿರಾಡಲ್ಲ. ಮರಳು, ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಸೇರಿಸಿ ಮಣ್ಣು ಬದಲಿಸಿ. ಮೇಲೆ ತೊಗರಿ ಹೊಟ್ಟು ದಪ್ಪಗೆ ಹಾಸಿ, ನಿಮ್ಮ ಊರಲ್ಲಿ ಅದಕ್ಕೇನು ಬರ.

ಗಿಡ ಕತ್ತರಿಸೋಕೆ ಈ ಎಳ್ಳ ಅಮಾವಾಸ್ಯೆ ಹೊತ್ತೇ ಸರಿ. ಕೆಲವು ದಿನ ನೀರು ಕಡಿಮೆ ಮಾಡಿ, ಕೊಂಬೆ ಅರ್ಧಕ್ಕೆ ಕತ್ತರಿಸಿ, ಉಳಿದ ಎಲೆ ಕಿತ್ತು ಹಾಕಿ, ಆಮೇಲೆ ಗೊಬ್ಬರ, ನೀರು. ಬಿಸಿಲು ಏರೋ ಹೊತ್ತಿಗೆ ಮೊಗ್ಗು ಬರುತ್ತೆ. ಏಪ್ರಿಲ್‌ನಿಂದ ಮಧ್ಯಾಹ್ನ ಹಸಿರು ಪರದೆ ಕಟ್ಟಿ, ಸಿಮೆಂಟ್ ಕಾವು ತಾಗದ ಹಾಗೆ ಕುಂಡದ ಕೆಳಗೆ ಇಟ್ಟಿಗೆ ಇಡಿ.

ಕಲಬುರಗಿ ಕಥೆಗಾರ್ತಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅವ್ವನಿಗೆ ಓದಿ ಹೇಳಿದೆ. ಮೊದಲ ದಿನ ಹೊಲ, ಎರಡನೇ ದಿನ ಜಲಸಂಗಿ ಮತ್ತೆ ಬೀದರ್ ಅಂತ ಆಯ್ತು. ಭಜ್ಜಿಗೆ ಪಾಲಕ್ ಹಾಕೋದು ಯಾಕೆ ಹೇಳಲಿಲ್ಲ ಅಂತ ಅವ್ವ ಹುಮನಾಬಾದ್ ತಮ್ಮನನ್ನು ಕೇಳ್ತಿದ್ದಾಳೆ, ಉತ್ತರ ಕೊಡಿ ತಮ್ಮಾ.