ಮಿಸ್ಟರಿ ಶಾಪರ್ ಕೆಲಸ ಮಾಡಿದವರು ಇದ್ದೀರಾ? ನಿಮ್ಮ ಅನುಭವ ಹೇಳಿ

ತುಮಕೂರಿನ ಗೃಹಿಣಿ (ಕೇಳಿದವರು)
ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ. ಓದಿದ್ದೇನೆ, ಮಗುವಿಗೆ ಎರಡು ವರ್ಷ. ಗ್ರಾಹಕರ ಹಾಗೆ ಅಂಗಡಿಗೆ ಹೋಗಿ ಬಂದು ರಿಪೋರ್ಟ್ ಬರೆದರೆ ದುಡ್ಡು ಕೊಡುತ್ತಾರೆ ಅಂತ ಗೆಳತಿ ಹೇಳಿದಳು. ತುಮಕೂರಿನಲ್ಲಿ ಈ ಕೆಲಸ ಸಿಗುತ್ತದಾ? ಮಗುವನ್ನು ಕರೆದುಕೊಂಡು ಹೋಗಬಹುದಾ? ತಿಂಗಳಿಗೆ ಎಷ್ಟು ಕೈಗೆ ಬರಬಹುದು?

ವಿಜಯನಗರ, ಬೆಂಗಳೂರು
ನಾನು 2021ರಿಂದ ಮಾಡುತ್ತಿದ್ದೇನೆ, ಮುನ್ನೂರು ವಿಸಿಟ್ ದಾಟಿದೆ. ಇದನ್ನು ಪುಕ್ಕಟೆ ಊಟದ ಕೆಲಸ ಅಂದುಕೊಂಡವರೇ ಜಾಸ್ತಿ. ಅದಕ್ಕೇ ಒಂದು ದಿನದ ಲೆಕ್ಕ ಪೂರ್ತಿ ಹೇಳುತ್ತೇನೆ.

ವೈಟ್‌ಫೀಲ್ಡ್ ಕಡೆ ಒಂದು ಬರ್ಗರ್ ಅಂಗಡಿ. ಫೀಸು 300, ಊಟದ ಬಿಲ್ಲಿಗೆ 350ರವರೆಗೆ ವಾಪಸ್. ಏನು ತಿನ್ನಬೇಕು ಅನ್ನುವುದನ್ನೂ ಕೆಲಸ ಕೊಡುವ ಕಂಪನಿಯವರೇ ಬರೆದಿರುತ್ತಾರೆ. ಬಿಲ್ 372 ಆಯಿತು, ಮೇಲಿನ 22 ನನ್ನ ತಲೆಗೆ. 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿಸಿದರಲ್ಲ, ಅತಿ ಹೆಚ್ಚಿನ ಟಿಕೆಟ್ 60 ಇದ್ದದ್ದು 90 ಆಯಿತು. ಹೋಗಿ ಬರಲು ನೂರೈವತ್ತರ ಮೇಲೆ ಹೋಯಿತು. ಪ್ರಯಾಣದ ಖರ್ಚು ಯಾರೂ ಕೊಡುವುದಿಲ್ಲ.

ಒಳಗೆ ಹೋದ ಮೇಲೆ ನೆಮ್ಮದಿಯಾಗಿ ತಿನ್ನಲು ಆಗುವುದಿಲ್ಲ. ಸಾಲಿನಲ್ಲಿ ನಿಂತದ್ದರಿಂದ ಆರ್ಡರ್ ತೆಗೆದುಕೊಳ್ಳುವವರೆಗೆ ಎಷ್ಟು ಸೆಕೆಂಡ್, ಅಲ್ಲಿಂದ ತಟ್ಟೆ ಕೈಗೆ ಬರುವವರೆಗೆ ಎಷ್ಟು, ಕೌಂಟರ್ ಹುಡುಗನ ಹೆಸರು ಏನು, ಕೈ ತೊಳೆಯುವ ಜಾಗದಲ್ಲಿ ಸೋಪು ಇತ್ತಾ, ಎಲ್ಲವನ್ನೂ ನೆನಪಿಟ್ಟುಕೊಳ್ಳಬೇಕು. ನಾನು ಗಂಡನಿಗೆ ಮೆಸೇಜ್ ಮಾಡುವ ಹಾಗೆ ಟೈಪ್ ಮಾಡಿಕೊಳ್ಳುತ್ತೇನೆ. ಮನೆಗೆ ಬಂದು 58 ಪ್ರಶ್ನೆ. "ಇಲ್ಲ" ಅಂತ ಒತ್ತಿದ ಪ್ರತಿಯೊಂದಕ್ಕೂ ಎರಡು ಸಾಲು ವಿವರಣೆ. ಎರಡೂವರೆ ಗಂಟೆ ಹಿಡಿಯಿತು.

ಮೂರನೇ ದಿನ ರಿಪೋರ್ಟ್ ರಿಜೆಕ್ಟ್. ಬಿಲ್ಲಿನಲ್ಲಿ 1:47 ಇತ್ತು, ನಾನು 1:40 ಅಂತ ತುಂಬಿದ್ದೆ. ಏಳು ನಿಮಿಷಕ್ಕೆ ಫೀಸೂ ಹೋಯಿತು, ಊಟದ ದುಡ್ಡೂ ಹೋಯಿತು. ಅವತ್ತಿನಿಂದ ಬಿಲ್ ಕೈಗೆ ಬಂದ ತಕ್ಷಣ ಫೋಟೊ ತೆಗೆಯುತ್ತೇನೆ. ಅದಾದ ಮೇಲೆ ಒಂದೂ ರಿಜೆಕ್ಟ್ ಆಗಿಲ್ಲ. ಇದು ಶಿಸ್ತಿನ ಕೆಲಸ, ಎಲ್ಲರಿಗೂ ಒಗ್ಗುವುದಿಲ್ಲ.

ಹುಬ್ಬಳ್ಳಿ ಬೈಕ್ ಸವಾರ
ಹೆಂಗಸರಿಗೆ ಬಸ್ ಪುಕ್ಕಟೆ ಅಲ್ವಾ ಮೇಡಂ? ಬಿಎಂಟಿಸಿಯಲ್ಲಿ ಹೋಗಿದ್ದರೆ ಆ ನೂರೈವತ್ತು ಉಳಿಯುತ್ತಿತ್ತು.

ನನ್ನ ಕಥೆ ಕೇಳಿ. ಪೆಟ್ರೋಲ್ ಪಂಪ್ ಆಡಿಟ್ ತೆಗೆದುಕೊಂಡೆ. ಒಂದು ಪಂಪಿಗೆ 180ರ ಹಾಗೆ 11 ಪಂಪು. ಹುಬ್ಬಳ್ಳಿಯಿಂದ ಹಾವೇರಿ ತನಕ ಹೆದ್ದಾರಿಯಲ್ಲಿ ಮೂರು ದಿನ, ಏಪ್ರಿಲ್ ಬಿಸಿಲು. ಪ್ರತಿ ಪಂಪಿನಲ್ಲೂ 100 ರೂಪಾಯಿ ಪೆಟ್ರೋಲ್ ಹಾಕಿಸಬೇಕು, ಮೀಟರ್ ಸೊನ್ನೆ ತೋರಿಸಿದರಾ ನೋಡಬೇಕು, ಗಾಳಿ, ಕುಡಿಯುವ ನೀರು, ಶೌಚಾಲಯ ನೋಡಬೇಕು. ಎರಡು ಕಡೆ ಐದು ಲೀಟರ್ ಅಳತೆ ಪಾತ್ರೆ ತರಿಸಿ ಪರೀಕ್ಷೆ ಮಾಡಿಸಬೇಕಿತ್ತು. ಗ್ರಾಹಕ ಕೇಳಿದರೆ ಅದನ್ನು ತೋರಿಸಲೇಬೇಕು. ಐದು ಲೀಟರಿಗೆ 25 ಮಿಲಿಗಿಂತ ಹೆಚ್ಚು ಆಚೀಚೆ ಆಗಬಾರದು. ಕೇಳಿದ ಕೂಡಲೇ ಒಂದು ಕಡೆ ನಾಲ್ಕು ಹುಡುಗರು ಸುತ್ತುವರಿದರು. "ಯಾರು ಕಳಿಸಿದ್ದು, ಫೋನ್ ತೋರಿಸು" ಅಂತ ಕೈ ಹಿಡಿದರು. ಹೇಳುವ ಹಾಗಿಲ್ಲವಲ್ಲ, ಬಾಯಿ ಮುಚ್ಚಿಕೊಂಡು ನಿಂತೆ.

11ರಲ್ಲಿ 4 ರಿಜೆಕ್ಟ್, ಫೋಟೊದಲ್ಲಿ ಜಿಪಿಎಸ್ ಗುರುತು ಬಂದಿರಲಿಲ್ಲ. ಉಳಿದ ಏಳಕ್ಕೆ 1,260. ಅದರಲ್ಲಿ 10% ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ) 126 ಕಡಿತ. ಕೈಗೆ 1,134. ಹಾಕಿಸಿದ ಪೆಟ್ರೋಲೇ 1,100. 45 ದಿನ ಅಂದವರು 83ನೇ ದಿನ ಹಾಕಿದರು. ಮೂರು ದಿನಕ್ಕೆ ನನಗೆ ಉಳಿದದ್ದು 34 ರೂಪಾಯಿ. ಆ ಮೆಸೇಜ್ ಇನ್ನೂ ಇಟ್ಟುಕೊಂಡಿದ್ದೇನೆ.

ವಿಜಯನಗರ, ಬೆಂಗಳೂರು
1 ಗಂಟೆಯಿಂದ 2:30ರ ಒಳಗೆ ವಿಸಿಟ್ ಆಗಬೇಕಿತ್ತು ಸರ್. ವಿಜಯನಗರದಿಂದ ವೈಟ್‌ಫೀಲ್ಡಿಗೆ ಬಸ್ಸಿನಲ್ಲಿ ಹೋಗಿ ನೋಡಿ, ಆಮೇಲೆ ಬುದ್ಧಿ ಹೇಳಿ. ಇನ್ನು ಜಿಪಿಎಸ್ ಆನ್ ಮಾಡದೆ ಫೋಟೊ ತೆಗೆದದ್ದು ನಿಮ್ಮ ತಪ್ಪು. ಸೂಚನೆಯಲ್ಲಿ ಮೊದಲು ಬರೆದಿರುವುದೇ ಅದು. ನಿಮ್ಮ ಬೈಕಿಗೆ ಹಾಕಿಸಿದ ಪೆಟ್ರೋಲನ್ನು ನೀವೇ ಉಪಯೋಗಿಸಿದಿರಿ, ಅದನ್ನೂ ನಷ್ಟಕ್ಕೆ ಸೇರಿಸಿದ್ದೀರಿ.

ಹುಬ್ಬಳ್ಳಿ ಬೈಕ್ ಸವಾರ
ಉಪಯೋಗಿಸಿದ್ದು ಅವರ ಕೆಲಸಕ್ಕೇ ರೀ! ನನಗೆ ಹಾವೇರಿಯಲ್ಲಿ ಏನು ಕೆಲಸ ಇತ್ತು?

ಶಿವಮೊಗ್ಗ
ಅಕ್ಕಾ, ದಯವಿಟ್ಟು ಈ ಕಡೆ ಬರಬೇಡಿ. ನಾನು 38,500 ಕಳೆದುಕೊಂಡೆ. "ಹೋಟೆಲ್ ಮಿಸ್ಟರಿ ರೇಟಿಂಗ್" ಅಂತ ವಾಟ್ಸಾಪ್ ಬಂತು. ಮೊದಲ ದಿನ ಮೂರು ರೇಟಿಂಗಿಗೆ 150 ನಿಜವಾಗಿ ಹಾಕಿದರು. ಆಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸಿದರು. 2,000 ಕಟ್ಟಿದರೆ 2,800 ವಾಪಸ್ ಅಂದರು, ಅದೂ ಬಂತು. ಮುಂದೆ 6,500, ಆಮೇಲೆ 30,000. ಆ ಎರಡೂ ಬರಲಿಲ್ಲ. ಮೊದಲು ಬಂದ 2,800, 150 ಕಳೆದರೂ ಮೂವತ್ತೈದು ಸಾವಿರದ ಮೇಲೆ ನಷ್ಟ. ಅಮ್ಮನ ಬಳೆ ಅಡ ಇಟ್ಟ ದುಡ್ಡು ಅದು. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡುವಷ್ಟರಲ್ಲಿ ಎರಡು ದಿನ ಆಗಿತ್ತು. ಮನೆಯಲ್ಲಿ ಹೇಳಲು ಹೆದರಿ ಕೂತಿದ್ದೆ. ದುಡ್ಡು ಹೋದ ಒಂದು ಖಾತೆಯಲ್ಲಿ 4,200 ಮಾತ್ರ ತಡೆಹಿಡಿದಿದ್ದಾರೆ, ಅದೂ ಇನ್ನೂ ಕೈಗೆ ಬಂದಿಲ್ಲ.

ವಿಜಯನಗರ, ಬೆಂಗಳೂರು
ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ ಅದು ಮಿಸ್ಟರಿ ಶಾಪಿಂಗ್ ಅಲ್ಲ, ಶುದ್ಧ ಮೋಸ. ಕೆಲಸ ಕೊಡುವವರು ನಮ್ಮಿಂದ ಒಂದು ರೂಪಾಯಿ ಕೇಳುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಶಿವಮೊಗ್ಗ
ನೀವೂ ಮೊದಲು ನಿಮ್ಮ ಕೈಯಿಂದ 372 ಕೊಟ್ಟಿರಿ, ಅದು ವಾಪಸ್ ಬರಲಿಲ್ಲ. ಹೊಸಬರಿಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

ಹುಬ್ಬಳ್ಳಿ ಬೈಕ್ ಸವಾರ
ಈ ತಮ್ಮ ಹೇಳಿದ್ದು ಸರಿ.

ಮಂಗಳೂರು, ಜವಳಿ ಮಳಿಗೆಯಲ್ಲಿ ಕೆಲಸ
ನಾನು ಕೌಂಟರಿನ ಈಚೆ ಇರುವವಳು. ನೀವೆಲ್ಲ ನಿಮ್ಮ ಮುನ್ನೂರು, ನೂರೆಂಬತ್ತರ ಲೆಕ್ಕ ಹೇಳುತ್ತೀರಿ. ನಿಮ್ಮ ಒಂದು ರಿಪೋರ್ಟಿನಿಂದ ನಮಗೆ ಹೋಗುವುದು ಎಷ್ಟು ಗೊತ್ತುಂಟಾ? ಹೋದ ವರ್ಷ ದೀಪಾವಳಿ ವಾರ. ಸೀರೆ ವಿಭಾಗದಲ್ಲಿ ಮೂವರು ಇರಬೇಕಿತ್ತು, ನಾನು ಒಬ್ಬಳೇ ಇದ್ದೆ. ಬೆಳಿಗ್ಗೆಯಿಂದ ನಿಂತೇ ಇದ್ದೆ, ಊಟ ಆಗಿರಲಿಲ್ಲ. ಆ ಸಂಜೆ ಬಂದ ಒಬ್ಬರು ಬರೆದಿದ್ದಾರೆ: "ಸಿಬ್ಬಂದಿ 30 ಸೆಕೆಂಡಿನಲ್ಲಿ ನಮಸ್ಕಾರ ಹೇಳಲಿಲ್ಲ, ಮುಖದಲ್ಲಿ ನಗು ಇರಲಿಲ್ಲ." ನನ್ನ ಹೆಸರು ಹಾಕಿ ಬರೆದಿದ್ದಾರೆ. ತಿಂಗಳ ಇನ್ಸೆಂಟಿವ್ 2,500 ಕಟ್. ಎಲ್ಲರ ಎದುರು ಓದಿ ಹೇಳಿದರು. ಮೂವರ ಕೆಲಸ ಒಬ್ಬಳೇ ಮಾಡುತ್ತಿದ್ದಳು ಅಂತ ಬರೆಯಲು ನಿಮ್ಮ ಫಾರಂನಲ್ಲಿ ಜಾಗ ಇಲ್ಲವಾ ಮಾರಾಯ್ರೆ?

ವಿಜಯನಗರ, ಬೆಂಗಳೂರು
ನಾನು ಆ ಜಾಗದಲ್ಲಿ ಬರೆಯುತ್ತೇನೆ. ಕೊನೆಯಲ್ಲಿ ಟಿಪ್ಪಣಿಗೆ ಕಾಲಂ ಇರುತ್ತದೆ. "ಒಬ್ಬರೇ ಇದ್ದರು, ಆರು ಗ್ರಾಹಕರು ಕಾಯುತ್ತಿದ್ದರು" ಅಂತ ಎಷ್ಟೋ ಸಲ ಬರೆದಿದ್ದೇನೆ. ಆದರೆ ನಮಸ್ಕಾರ ಹೇಳದಿದ್ದರೆ ಹೇಳಿದರು ಅಂತ ಸುಳ್ಳು ತುಂಬಲು ಆಗುವುದಿಲ್ಲ. ಕೆಲವು ವಿಸಿಟ್‌ನಲ್ಲಿ ನಾವು ಮಾತು ರೆಕಾರ್ಡ್ ಮಾಡಬೇಕು, ಅದನ್ನು ಕಂಪನಿಯವರು ಕೇಳಿ ನೋಡುತ್ತಾರೆ.

ಮಂಗಳೂರು, ಜವಳಿ ಮಳಿಗೆಯಲ್ಲಿ ಕೆಲಸ
ರೆಕಾರ್ಡಿಂಗ್ ಬೇರೆ ಮಾಡುತ್ತೀರಾ! ನಮ್ಮ ಮಾತು, ನಮ್ಮನ್ನು ಕೇಳದೆ! ಇದಕ್ಕೆ ಶಿಸ್ತು ಅಂತ ಹೆಸರಾ?

ಮೈಸೂರು
ಮಂಗಳೂರಿನವರು ಹೇಳಿದ್ದು ಎದೆಗೆ ನಾಟಿತು. ನಾನು ಬಿಟ್ಟದ್ದೇ ಇದಕ್ಕೆ. ಕಾರ್ ಶೋರೂಂ ವಿಸಿಟ್, ಫೀಸು 700, ಟೆಸ್ಟ್ ಡ್ರೈವ್ ಕಡ್ಡಾಯ. ಫೋನ್ ನಂಬರ್ ನಿಜವಾದದ್ದೇ ಕೊಡಬೇಕು, ಅವರು ಮತ್ತೆ ವಿಚಾರಿಸುತ್ತಾರಾ ಅನ್ನುವುದೂ ರಿಪೋರ್ಟಿನ ಭಾಗ. ಹೊಸ ಹುಡುಗ, ಎರಡು ಗಂಟೆ ನನ್ನ ಜೊತೆ ಕೂತು ಸಾಲದ ಕಂತು, ವಿಮೆ ಎಲ್ಲಾ ಬರೆದು ತೋರಿಸಿದ. ಹೊರಡುವಾಗ "ಸರ್, ಈ ತಿಂಗಳು ನಂದು ಇನ್ನೂ ಒಂದೂ ಆಗಿಲ್ಲ" ಅಂದ. ಮೂರು ತಿಂಗಳು ವಾರಕ್ಕೊಮ್ಮೆ ಫೋನ್ ಮಾಡಿದ. ದಸರಾ ಆಫರ್ ಅಂತ ಮಾಡಿದ, ದೀಪಾವಳಿಗೆ ಶುಭಾಶಯ ಕಳಿಸಿದ. ನಿಜ ಹೇಳುವ ಹಾಗಿರಲಿಲ್ಲ, ಒಪ್ಪಂದದಲ್ಲೇ ಇದೆ. ಅವನಿಗೆ ಒಳ್ಳೆಯ ಅಂಕವನ್ನೇ ಕೊಟ್ಟೆ. ಆದರೂ ಆ 700 ನನಗೆ ಹಿಡಿಸಲಿಲ್ಲ.

ದಾವಣಗೆರೆ, ಲೆಕ್ಕಪತ್ರ ಕಚೇರಿ
ಹುಬ್ಬಳ್ಳಿಯವರು 126 ಹೋಯಿತು ಅಂದರಲ್ಲ, ಅದು ಹೋಗಿಲ್ಲ. ಆದಾಯ ತೆರಿಗೆ ಇಲಾಖೆಯ ಲೆಕ್ಕದಲ್ಲಿ ನಿಮ್ಮ ಪ್ಯಾನ್ ಮೇಲೆ ಕಾಣಿಸುತ್ತದೆ. ತೆರಿಗೆ ಬೀಳುವಷ್ಟು ಆದಾಯ ಇಲ್ಲದಿದ್ದರೆ ರಿಟರ್ನ್ ಸಲ್ಲಿಸಿ, ವಾಪಸ್ ಬರುತ್ತದೆ. ಪ್ಯಾನ್ ಕೊಡದಿದ್ದರೆ 20% ಹಿಡಿಯುತ್ತಾರೆ, ಅದನ್ನೂ ನೆನಪಿಡಿ.

ಹುಬ್ಬಳ್ಳಿ ಬೈಕ್ ಸವಾರ
126 ರೂಪಾಯಿ ವಾಪಸ್ ತರಲು ರಿಟರ್ನ್ ತುಂಬುವವರಿಗೆ 500 ಕೊಡಲಾ?

ದಾವಣಗೆರೆ, ಲೆಕ್ಕಪತ್ರ ಕಚೇರಿ
ನೀವೇ ಆನ್‌ಲೈನಿನಲ್ಲಿ ತುಂಬಬಹುದು, ಪುಕ್ಕಟೆ. ಓದಿ ನೋಡುವ ತಾಳ್ಮೆ ಇಲ್ಲದಿದ್ದರೆ ಜಿಪಿಎಸ್ ಥರಾನೇ ಆಗುತ್ತದೆ.

ಹುಬ್ಬಳ್ಳಿ ಬೈಕ್ ಸವಾರ
ಸರ್, ಜಿಪಿಎಸ್ ಆನ್ ಇತ್ತು. ಹೆದ್ದಾರಿಯಲ್ಲಿ ಸಿಗ್ನಲ್ ಇರಲಿಲ್ಲ. ಅದಕ್ಕೆ ನಾನೇನು ಮಾಡಲಿ?

ತುಮಕೂರಿನ ಗೃಹಿಣಿ (ಕೇಳಿದವರು)
ಎಲ್ಲಾ ಓದಿದೆ. ಶಿವಮೊಗ್ಗದ ತಮ್ಮನ ವಿಷಯ ಓದಿ ಬೇಜಾರಾಯಿತು. ನನಗೂ ಅಂಥದೇ ಒಂದು ವಾಟ್ಸಾಪ್ ಬಂದಿತ್ತು, ಈಗ ಬ್ಲಾಕ್ ಮಾಡಿದೆ. ಮಗುವಿನ ವಿಷಯ ಯಾರಾದರೂ ಹೇಳುತ್ತೀರಾ?

ವಿಜಯನಗರ, ಬೆಂಗಳೂರು
ಕ್ಷಮಿಸಿ, ಅದು ಬಿಟ್ಟೇ ಹೋಯಿತು. ಬಟ್ಟೆ ಅಂಗಡಿ, ಸೂಪರ್ ಮಾರ್ಕೆಟ್‌ಗೆ ಮಗು ಜೊತೆ ಹೋಗಬಹುದು, ಯಾರಿಗೂ ಅನುಮಾನ ಬರುವುದಿಲ್ಲ. ರೆಕಾರ್ಡಿಂಗ್ ಇರುವ ಬ್ಯಾಂಕ್ ವಿಸಿಟ್‌ಗೆ ಬೇಡ. ನನ್ನ ಮಗಳು ಅತ್ತು, ಸಾಲದ ಬಡ್ಡಿ ಹೇಳಿದ ಜಾಗವೇ ಕೇಳಿಸದೆ ಒಂದು ರಿಪೋರ್ಟ್ ವಾಪಸ್ ಬಂದಿತ್ತು. ತುಮಕೂರಿಗೆ ತಿಂಗಳಿಗೆ ಮೂರೋ ನಾಲ್ಕೋ ಬಂದದ್ದು ನೋಡಿದ್ದೇನೆ, ಹೆಚ್ಚಿನವು ಬಿ.ಎಚ್. ರಸ್ತೆಯಲ್ಲಿ. ಕೈಗೆ ಸಾವಿರದ ಆಸುಪಾಸು.

ಮಂಗಳೂರು, ಜವಳಿ ಮಳಿಗೆಯಲ್ಲಿ ಕೆಲಸ
ಹೋದರೆ ಆ ಕೊನೆಯ ಕಾಲಂ ಖಾಲಿ ಬಿಡಬೇಡಿ ಅಕ್ಕ. ಎಷ್ಟು ಜನ ಕೆಲಸದಲ್ಲಿದ್ದರು ಅಂತ ಎಣಿಸಿ ಬರೆಯಿರಿ.