ಅಲಾರಂ ಪ್ಯಾನೆಲ್‌ಗೆ ಫೋನ್ ಲೈನೋ, ಇಂಟರ್ನೆಟ್ಟೋ, ಸಿಮ್ಮೋ?

ಪ್ರಶ್ನೆ: ತಾಮ್ರದ ಲೈನ್ ತೆಗೆದು ಫೈಬರ್ ಹಾಕಿಸಿದ್ದೇವೆ. ಅಲಾರಂ ಪ್ಯಾನೆಲ್ ಹಳೆಯದು, ಫೋನ್ ಡಯಲರ್‌ನದು (ಅಲಾರಂ ಹೊಡೆದರೆ ತಾನೇ ಫೋನ್ ಮಾಡಿ ತಿಳಿಸುವಂಥದ್ದು). ಮೋಡೆಮ್‌ನ ಫೋನ್ ಪೋರ್ಟ್‌ಗೆ ಸಿಕ್ಕಿಸಿದರೆ ಸಾಕಾ?

ಉತ್ತರ 1: ಕರೆ ಹೋಗಬಹುದು, ನಂಬಬೇಡಿ. ಡಯಲರ್ ಕಳಿಸುವುದು ಟೋನ್‌ಗಳನ್ನು. ಇಂಟರ್ನೆಟ್ ಫೋನ್ ಧ್ವನಿಯನ್ನು ಕುಗ್ಗಿಸಿದರೆ ಅವು ಕೆಟ್ಟು, ಅಲಾರಂಗಳ ಮೇಲೆ ಕಣ್ಣಿಡುವ ಮಾನಿಟರಿಂಗ್ ಕೇಂದ್ರಕ್ಕೆ ಸಂದೇಶ ಅರ್ಧಂಬರ್ಧ ತಲುಪುತ್ತೆ. ಕೋಡೆಕ್ (ಧ್ವನಿಯನ್ನು ಡಿಜಿಟಲ್ ಮಾಡುವ ವಿಧಾನ) ಜಿ.711 ಆದರೆ ಅಷ್ಟಿಷ್ಟು ನಡೆಯುತ್ತೆ, ತುಂಬಾ ಕುಗ್ಗಿಸುವ ಜಿ.729 ಬೇಡವೇ ಬೇಡ. ಜೊತೆಗೆ, ತಾಮ್ರದ ಲೈನ್‌ಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತಿತ್ತು. ಈಗ ಕರೆಂಟ್ ಹೋದರೆ ಪ್ಯಾನೆಲ್ ತನ್ನ ಬ್ಯಾಟರಿಯಲ್ಲಿ ಎಚ್ಚರವಿರುತ್ತೆ, ಮೋಡೆಮ್ ಸತ್ತಿರುತ್ತೆ.

ಉತ್ತರ 2: ಪ್ಯಾನೆಲ್‌ಗೆ ಹೊಂದುವ 4ಜಿ ಕಮ್ಯುನಿಕೇಟರ್ (ಸಿಮ್ ಮೂಲಕ ಸಂದೇಶ ಕಳಿಸುವ ಸಾಧನ) ಹಾಕಿಸಿ, ಇಂಟರ್ನೆಟ್ಟೂ ಜೊತೆಗಿರಲಿ. ಬರೀ 2ಜಿ ಮಾಡ್ಯೂಲ್ ಅಗ್ಗಕ್ಕೆ ಸಿಕ್ಕರೂ ಬೇಡ, ಎಷ್ಟೋ ದೇಶಗಳಲ್ಲಿ 2ಜಿ ನಿಂತೇಹೋಗಿದೆ. ಆಂಟೆನಾ ಲೋಹದ ಡಬ್ಬಿಯ ಹೊರಗಿರಬೇಕು. ಪ್ರೀಪೇಯ್ಡ್ ಸಿಮ್ ಆದರೆ ವ್ಯಾಲಿಡಿಟಿ ಮುಗಿದದ್ದು ಯಾರ ಗಮನಕ್ಕೂ ಬರಲ್ಲ!

ಪ್ರಶ್ನೆ ಕೇಳಿದವರು: ಮೋಡೆಮ್‌ಗೆ ದೊಡ್ಡ ಯುಪಿಎಸ್ ಬೇಕಾ?

ಉತ್ತರ 1: ಬೇಡ. ಅಡಾಪ್ಟರ್ 12 ವೋಲ್ಟಿನದಾದರೆ ಅದೇ ವೋಲ್ಟಿನ ಡಿಸಿ ಮಿನಿ ಯುಪಿಎಸ್ ಸಾಕು, ಆಂಪಿಯರ್ ಕಡಿಮೆಯಾಗದಂತೆ ನೋಡಿ. ಮೋಡೆಮ್, ರೌಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಕೊಡಬೇಕು. ಆಮೇಲೆ ಕೇಂದ್ರಕ್ಕೆ ತಿಳಿಸಿ, ಮೇನ್ ಸ್ವಿಚ್ ಆಫ್ ಮಾಡಿ ಅಲಾರಂ ಹೊಡೆಸಿ, ಸಿಗ್ನಲ್ ಬಂತಾ ಕೇಳಿ. ಸಿಮ್ ದಾರಿಯೂ ನಡೆಯುತ್ತಾ ನೋಡಲು ನೆಟ್ ಕೇಬಲ್ ಕಿತ್ತು ಇನ್ನೊಮ್ಮೆ.