ಜಿರ್ಕೋನಿಯಂ ಟ್ಯೂಬ್ ಮೇಲಿನ ಆಕ್ಸೈಡ್ ಪದರ ಹೈಡ್ರೋಜನ್ನನ್ನ ತಡೆಯುತ್ತಾ, ಇಲ್ವಾ?

ಕಾಳಿದಂಡೆ: ಕೈಗಾ ಥರದ ಭಾರಜಲ ರಿಯಾಕ್ಟರ್‌ಗಳಲ್ಲಿ ಪ್ರೆಶರ್ ಟ್ಯೂಬು, ಅಂದ್ರೆ ಇಂಧನ ಇಟ್ಟು ಬಿಸಿ ಭಾರಜಲ ಹರಿಸೋ ಕೊಳವೆ, ಜಿರ್ಕೋನಿಯಂ-ನಿಯೋಬಿಯಂದು. ಕೂರಿಸೋಕೆ ಮುಂಚೆನೇ 400 ಡಿಗ್ರಿ ಸ್ಟೀಮಲ್ಲಿಟ್ಟು ಕಪ್ಪಗೆ ಹೊಳೆಯೋ ಆಕ್ಸೈಡ್ ಪದರ ಬೆಳೆಸಿರ್ತಾರೆ. ಜಿರ್ಕೋನಿಯಾದಲ್ಲಿ (ಆ ಆಕ್ಸೈಡೇ) ಹೈಡ್ರೋಜನ್ ಸರಿಯೋದು ಭಯಂಕರ ನಿಧಾನ ಅಂತಾರೆ, ಮತ್ತೆ ಹೈಡ್ರೈಡ್ (ಲೋಹಕ್ಕೆ ಹೈಡ್ರೋಜನ್ ಸೇರಿ ಆಗೋ ಪೆಡಸು ವಸ್ತು) ಅಂತ ಯಾಕಿಷ್ಟು ತಲೆಬಿಸಿ?

ಲೋಹಪ್ರಿಯ: 1983ರ ಆಗಸ್ಟಲ್ಲಿ ಕೆನಡಾದ ಪಿಕರಿಂಗ್ 2ನೇ ಘಟಕದಲ್ಲಿ ಟ್ಯೂಬು ಹತ್ತಿರ ಹತ್ತಿರ 2 ಮೀಟರ್ ಉದ್ದ ಸೀಳ್ಕೊಂಡಿತ್ತು, ಅದಕ್ಕೇ ತಲೆಬಿಸಿ. ಬಿಸಿ ಟ್ಯೂಬು ಜೋತುಬಿದ್ದು ಹೊರಗಿನ ತಣ್ಣನೆ ಟ್ಯೂಬಿಗೆ ತಾಗಿತು, ಲೋಹದೊಳಗಿನ ಹೈಡ್ರೋಜನ್ ತಣ್ಣಗಿರೋ ಕಡೆಗೇ ಓಡೋದು, ಅಲ್ಲಿ ಹೈಡ್ರೈಡ್ ಬೊಬ್ಬೆ ಎದ್ದು ಬಿರುಕು ಬಿಡ್ತು.

ಸಂಶಯಪ್ಪ: ಅದು ಎರಡು ಟ್ಯೂಬು ತಾಗದ ಹಾಗೆ ಮಧ್ಯೆ ಇರೋ ಸ್ಪ್ರಿಂಗ್ ಜರುಗಿದ್ದರ ತಪ್ಪು ಮಾರಾಯ್ರೆ, ಆಕ್ಸೈಡ್ ಏನ್ ಮಾಡ್ತು? ಹೈಡ್ರೋಜನ್ ಟ್ಯೂಬ್ ತಯಾರಿಸುವಾಗಲೇ ಉಳ್ಕೊಂಡಿದ್ದಲ್ಲ ಅಂತ ಹೆಂಗ್ ಹೇಳ್ತೀರಿ?

ಲೋಹಪ್ರಿಯ: ಹೇಳಬಹುದು ಸರ್, ಭಾರಜಲದ ರಿಯಾಕ್ಟರಿನ ಮಜಾನೇ ಅದು. ತಯಾರಿಕೇಲಿ ಉಳಿಯೋದು ಮಾಮೂಲಿ ಹೈಡ್ರೋಜನ್, ನೀರಿಂದ ಬರೋದು ಡ್ಯೂಟೀರಿಯಂ, ಅಂದ್ರೆ ಭಾರಜಲದಲ್ಲಿರೋ ಭಾರವಾದ ಹೈಡ್ರೋಜನ್. ರಿಯಾಕ್ಟರ್ ನಿಲ್ಸಿದಾಗ ಟ್ಯೂಬಿನ ಒಳಮೈ ಕೆರೀತಾರೆ, ಮೊದಲ ಸಲ ಆಕ್ಸೈಡ್ ತೆಗೀತಾರೆ, ಅದೇ ಜಾಗದಲ್ಲಿ ಇನ್ನೊಂದ್ಸಲ ಕೆರೆದು ಬರಿ ಲೋಹದ ಚೂರು ತಗೊಂಡು ಅಳೀತಾರೆ. ಅದರಲ್ಲಿ ಡ್ಯೂಟೀರಿಯಂ ಸಿಗುತ್ತೆ. ಎಲ್ಲಿಂದ ಬಂತು ಹಂಗಾದ್ರೆ?

ಸಂಶಯಪ್ಪ: ಸರಿ, ಬರುತ್ತೆ. ಆದ್ರೆ ಬಿರುಕಲ್ಲಿ ನುಗ್ಗುತ್ತೆ ಅಷ್ಟೇ. ಲೋಹ ಆಕ್ಸೈಡ್ ಆದ್ರೆ ಗಾತ್ರ 1.56 ಪಟ್ಟು ಆಗುತ್ತೆ, ಒತ್ತಡ ತಡೀದೆ ಪದರ ಬಿರಿಯುತ್ತೆ.

ಪ್ರೋಟಾನ್‌ರಾಣಿ: ಬಿರುಕೊಂದೇ ಕಾರಣ ಆಗಿದ್ರೆ ಒಂದೇ ಥರ ಆಕ್ಸೈಡ್ ಬೆಳೆದ ಮಿಶ್ರಲೋಹಗಳು ಒಂದೇ ಥರ ಹೈಡ್ರೋಜನ್ ಹೀರಬೇಕಿತ್ತಲ್ಲ? ಹೀರಲ್ಲ. ಜಿರ್ಕಲಾಯ್-2 ಅನ್ನೋ ಜಿರ್ಕೋನಿಯಂ ಮಿಶ್ರಲೋಹದಲ್ಲಿ ನಿಕಲ್ ಇತ್ತು, ಜಾಸ್ತಿ ಹೀರ್ತಿತ್ತು, ಅದಕ್ಕೇ ನಿಕಲ್ ತೆಗೆದು ಜಿರ್ಕಲಾಯ್-4 ಮಾಡಿದ್ರು. ನಂಗೆ ಹೆಚ್ಚು ಒಪ್ಪಿಗೆ ಆಗೋ ವಾದ ಎಲೆಕ್ಟ್ರಾನಿಂದು. ಪದರದ ಮೇಲ್ಗಡೆ ನೀರು ಒಡೆದು ಆಮ್ಲಜನಕದ ಅಯಾನು ಒಳಗೆ ಹೋಗುತ್ತೆ, ಪ್ರೋಟಾನ್ (ಎಲೆಕ್ಟ್ರಾನ್ ಕಳ್ಕೊಂಡ ಹೈಡ್ರೋಜನ್) ಉಳಿಯುತ್ತೆ, ಲೋಹ ಆಕ್ಸೈಡ್ ಆಗುವಾಗ ಬಿಟ್ಟ ಎಲೆಕ್ಟ್ರಾನು ಪದರ ದಾಟಿ ಮೇಲೆ ಬಂದ್ರೆ ಪ್ರೋಟಾನ್ ಅದನ್ನ ಹಿಡ್ಕೊಂಡು ಗ್ಯಾಸಾಗಿ ಹೊರಟೋಗುತ್ತೆ, ಆದ್ರೆ ಜಿರ್ಕೋನಿಯಾ ವಿದ್ಯುತ್ತಿಗೆ ಅಡ್ಡ, ಎಲೆಕ್ಟ್ರಾನ್ ತಡ ಆದಷ್ಟೂ ಪ್ರೋಟಾನ್ನನ್ನ ಒಳಗೆಳೆಯೋ ಸೆಳೆತ ಜಾಸ್ತಿ. ನಿಯೋಬಿಯಂ ಇದ್ರೆ ಪದರದಲ್ಲಿ ಎಲೆಕ್ಟ್ರಾನ್ ಓಡಾಟ ಸಲೀಸು, ಹೀರೋದು ಕಮ್ಮಿ.

ಕಾಳಿದಂಡೆ: ಅಂದ್ರೆ ಪದರ ಬೆಳೆಯೋದೂ ಹೈಡ್ರೋಜನ್ ನುಗ್ಗೋದೂ ಒಂದೇ ಕೆಲಸದ ಎರಡು ತುದಿ?

ಪ್ರೋಟಾನ್‌ರಾಣಿ: ಹೂಂ. ಅದಕ್ಕೇ ಬರಿ ಜಿರ್ಕೋನಿಯಾದಲ್ಲಿ ಎಷ್ಟು ನಿಧಾನ ಅಂತ ನೋಡಿದ್ರೆ ಸಾಲದು.

ಸಂಶಯಪ್ಪ: ಎಲೆಕ್ಟ್ರಾನ್ ಕಥೆ ಚೆನ್ನಾಗಿದೆ, ಆದ್ರೆ ಪ್ರೋಟಾನ್ ಹೋಗೋ ದಾರಿ ಯಾವುದು ಹೇಳಲೇ ಇಲ್ವಲ್ಲ. ಹರಳುಗಳ ಸಂದಿಯಾ, ಮಿಶ್ರಲೋಹದ ಕಬ್ಬಿಣ-ಕ್ರೋಮಿಯಂ ಕಣಗಳಾ? ಸೆಳೆತ ಇದ್ರೂ ಬಾಗಿಲು ಬೇಕು ತಾನೇ.

ಪ್ರೋಟಾನ್‌ರಾಣಿ: ಅಲ್ಲಿ ಜಗಳ ಇನ್ನೂ ಇದೆ, ಒಪ್ತೀನಿ. ನನ್ನ ಓಟು ಹರಳುಗಳ ಸಂದಿಗೆ.

ಕಾಳಿದಂಡೆ: ಒಂದು ಪೆದ್ದು ಪ್ರಶ್ನೆ, ಕೆರೆದ ಜಾಗ ಹಂಗೇ ಬೋಳಾಗಿರುತ್ತಾ?

ಲೋಹಪ್ರಿಯ: ಇಲ್ಲ, ಕೆರೆಯೋದು ತೆಳ್ಳಗೆ, ಬಿಸಿನೀರು ಹರಿಯೋಕೆ ಶುರುವಾದ್ರೆ ಅಲ್ಲಿ ಹೊಸ ಆಕ್ಸೈಡ್ ಬೆಳೆಯುತ್ತೆ, ಮತ್ತೆ ಒಂಚೂರು ಡ್ಯೂಟೀರಿಯಂ ಒಳಕ್ಕೆ.